ಯಾರ ಕೈಯಲ್ಲೂ ಇಲ್ಲದ ಗಳಿಗೆ

ಹುಬ್ಬಳ್ಳಿಯ ಡಾಕ್ಟರು ಇನ್ನು ಔಷಧ ಬೇಡ ಎಂದರು. ಹಾಗೆಂದು ನೇರವಾಗಿ ಹೇಳಲಿಲ್ಲ. ಮನೆಯ ಊಟ, ಮನೆಯ ಗಾಳಿ, ನೋವು ಬಂದರೆ ಗುಳಿಗೆ, ಅಷ್ಟು ಸಾಕು ಎಂದು ಫೈಲು ಮುಚ್ಚಿ ಈಚೆ ಸರಿಸಿದರು. ಸುಯಮೀಂದ್ರ ಇನ್ನೇನೋ ಕೇಳಲು ಬಾಯಿ ತೆರೆಯುವಷ್ಟರಲ್ಲಿ ಪಕ್ಕದಲ್ಲಿ ಕೂತಿದ್ದ ಹೆಂಡತಿ ಮನೋರಮಾ ಎದ್ದು ನಿಂತು ಎಡಹೆಗಲಿಗೆ ಕೈಚೀಲ ಏರಿಸಿಕೊಂಡಿದ್ದಳು. ಅಲ್ಲಿಂದ ಕಾರಿನಲ್ಲಿ ಹಾನಗಲ್ಲಿಗೆ ಬಂದರು. ಮನೆಯ ಕೀಲಿ ತೆಗೆಯುತ್ತಿದ್ದಾಗ ಅವಳು ಹಿಂದಿನಿಂದ ಕೇಳಿದಳು:

"ವಿಮಾನದ ಬ್ಯಾಟರಿ ಚಾರ್ಜ್ ಅದ ಏನ್ರಿ?"

ಅವನಿಗೆ ನೆನಪಿರಲಿಲ್ಲ. ಅವಳ ಬಲಗಡೆಯ ಎದೆಯ ಆಪರೇಷನ್ ಆದಾಗಿನಿಂದ ಅವನು ಕಟ್ಟಿದ ರಿಮೋಟ್ ವಿಮಾನ ಅಟ್ಟದ ಮೇಲೆ ಹಳೆಯ ಧೋತರ ಹೊದ್ದು ಮಲಗಿತ್ತು. ಅವನು ಅತ್ತ ಕಣ್ಣೆತ್ತಿಯೂ ನೋಡಿರಲಿಲ್ಲ.

"ಒಂದು ಸಲ ನೀವು ಒಬ್ಬರೇ ಅದನ್ನ ಬಿಡೋದು ನಾನು ನೋಡಬೇಕು," ಎಂದಳು. "ಇನ್ನೊಬ್ಬರು ಕೈ ಹಚ್ಚಬಾರದು. ನೀವ ಬಿಡಬೇಕು, ನೀವ ಹಾರಸಬೇಕು, ನೀವ ಇಳಸಬೇಕು. ನಾ ಹೊರಗ ಬರೋವಷ್ಟು ತ್ರಾಣ ಇರೋದ್ರೊಳಗ."

ಕಡೆಯ ಮಾತನ್ನು ಅವಳು ಅಕ್ಕಿ ತೀರಿದೆ ಎಂದು ಹೇಳುವ ದನಿಯಲ್ಲೇ ಹೇಳಿದಳು. ಅವನು ಕೀಲಿಯನ್ನು ಮತ್ತೆರಡು ಸುತ್ತು ತಿರುಗಿಸಿದ. ಬಾಗಿಲು ಆಗಲೇ ತೆರೆದಿತ್ತು.

ಅವಳು ಯಾಕೆ ಅದನ್ನೇ ಕೇಳಿದಳೆಂದು ಅವನಿಗೆ ಗೊತ್ತಿತ್ತು. ನೀರಾವರಿ ಇಲಾಖೆಯ ಕಚೇರಿಯೊಂದನ್ನು ಬಿಟ್ಟರೆ ಸುಯಮೀಂದ್ರ ಒಬ್ಬನೇ ಹೋದ ಜಾಗವಿಲ್ಲ, ಒಬ್ಬನೇ ಮಾಡಿದ ಕೆಲಸವಿಲ್ಲ. ಮಕ್ಕಳಿರಲಿಲ್ಲ. ನೆಂಟರ ಮನೆಯ ಮುಂಜಿ ಮದುವೆಗಳಲ್ಲೂ ಅವಳು ಪಂಕ್ತಿಯ ಆಚೆ ತುದಿಯಲ್ಲಿ ಕಾಣುತ್ತಿದ್ದರೆ ಮಾತ್ರ ಅವನಿಗೆ ಅನ್ನ ಇಳಿಯುತ್ತಿತ್ತು. ತಾನು ಹೋದ ಮೇಲೆ ಈ ಮನುಷ್ಯ ತುಳಸಿಕಟ್ಟೆಯ ಮುಂದಿನ ಕುರ್ಚಿಯಲ್ಲಿ ಕೂತು ಬಿಡುತ್ತಾನೆ, ಯಾರು ಎಬ್ಬಿಸಿದರೂ ಏಳುವುದಿಲ್ಲ ಎಂದು ಅವಳು ಲೆಕ್ಕ ಹಾಕಿಬಿಟ್ಟಿದ್ದಳು. ಅವನನ್ನು ಬಯಲಿಗೆ ಎಳೆದೊಯ್ಯುತ್ತಿದ್ದುದು ವಿಮಾನ ಒಂದೇ. ಆ ವಿಮಾನವನ್ನೂ ಅವನು ಇಷ್ಟು ವರ್ಷಗಳಲ್ಲಿ ಒಮ್ಮೆಯೂ ತನ್ನ ಕೈಯಿಂದ ಬಿಟ್ಟವನಲ್ಲ.

ಅದು ತೇಲುವ ಜಾತಿಯ ವಿಮಾನ. ಬೆಳ್ಳಗಿನ ಹಗುರ ಫೋಮಿನ ಮೈ, ಬಿಚ್ಚಿ ಜೋಡಿಸುವ ಉದ್ದನೆಯ ರೆಕ್ಕೆ. ಬೆನ್ನ ಮೇಲೆ ಒಂದು ಗಿಡ್ಡ ಕಂಬ, ಕಂಬದ ತುದಿಗೆ ಮೋಟಾರು, ಅದರ ಮುಂದೆ ಪಂಖಾ. ಮೋಟಾರಿನ ಬಲದಿಂದ ಮೇಲೇರಿಸಿ, ಸಾಕೆನಿಸಿದಾಗ ಅದನ್ನು ನಿಲ್ಲಿಸಿದರೆ, ಆಮೇಲೆ ಹದ್ದಿನ ಹಾಗೆ ಸದ್ದಿಲ್ಲದೆ ಸುತ್ತು ಹಾಕುತ್ತ ಇಳಿಯುತ್ತದೆ. ಗಾಲಿ ಇಲ್ಲ, ಹೊಟ್ಟೆಯ ಮೇಲೆ ಹುಲ್ಲಿನಲ್ಲಿ ಜಾರಿ ನಿಲ್ಲಬೇಕು. ಪಂಖಾ ನೆಲಕ್ಕೆ ಬಡಿದು ಮುರಿಯಬಾರದೆಂದೇ ಮೋಟಾರನ್ನು ಅಷ್ಟು ಎತ್ತರಕ್ಕೆ ಏರಿಸಿ ಕೂಡಿಸುವುದು. ಗಾಲಿ ಇಲ್ಲದ್ದರಿಂದ ಅದು ನೆಲದಿಂದ ತಾನಾಗಿ ಏಳುವುದೂ ಇಲ್ಲ. ಒಬ್ಬರು ಹೊಟ್ಟೆಯಡಿ ಹಿಡಿದು, ಗಾಳಿಗೆ ಎದುರಾಗಿ ನಾಲ್ಕು ಹೆಜ್ಜೆ ಓಡಿ, ಮುಂದಕ್ಕೆ ಬಿಡಬೇಕು.

ಆ ಒಬ್ಬರು ಯಾವಾಗಲೂ ಮನೋರಮಾ. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಚಪ್ಪಲಿ ಬಿಟ್ಟು, ವಿಮಾನವನ್ನು ಕಿವಿಯ ಪಕ್ಕಕ್ಕೆ ಎತ್ತಿ ಹಿಡಿದು ನಿಲ್ಲುತ್ತಿದ್ದಳು. ಅವನು ಹಿಂದೆ ರಿಮೋಟ್ ಹಿಡಿದು "ಬಿಡು" ಎನ್ನುತ್ತಿದ್ದ. ಅವಳು ಓಡುತ್ತಿದ್ದಳು. ಅವನು "ಬಿಡು" ಎಂದೊಡನೆ ಅವಳು ಬಿಟ್ಟದ್ದು ಎಂದೂ ಇಲ್ಲ. ಇನ್ನೂ ಒಂದೆರಡು ಹೆಜ್ಜೆ ಆದ ಮೇಲೆ ತಾನೇ "ಹೂಂ" ಎಂದು ಕೈ ಸಡಿಲಿಸುತ್ತಿದ್ದಳು. ಹೇಳಿದ ಕೂಡಲೇ ಬಿಡುವುದಿಲ್ಲ ಎಂದು ಅವನು ರೇಗುತ್ತಿದ್ದ. ಏಕಾದಶಿಯ ಮರುದಿನ ಪಾರಣೆ ಮುಗಿಸಿ ಬಂದಾಗಲಂತೂ, ಉಪವಾಸದ ಕೈ ಹಗುರಾಗಿರ್ತದ, ಇವತ್ತ ನೋಡ್ರಿ ಎಂದು ನಗುತ್ತಿದ್ದಳು. ಬಿಟ್ಟದ್ದು ಏರುತ್ತಿತ್ತು. ಅದರಲ್ಲಿ ಅವನಿಗೆ ಆಶ್ಚರ್ಯವೇನೂ ಇರಲಿಲ್ಲ. ತಾನು ಕಟ್ಟಿದ ವಿಮಾನ, ಏರಲೇಬೇಕು.

ಕಟ್ಟುವುದರಲ್ಲಿ ಅವನಿಗೆ ಅಷ್ಟು ನಂಬಿಕೆ. ಕಾಲುವೆಗಳ ಮಟ್ಟ ನೋಡುತ್ತ ಹಿರೇಕೆರೂರು, ಮಾಸೂರು ಅಂತ ತಿರುಗಿ ಕೂದಲು ನೆರೆತವನು. ಮೋಟಾರು ಕೂಡಿಸುವಾಗ ರೆಕ್ಕೆಯ ಮೇಲೊಮ್ಮೆ, ಮೋಟಾರಿನ ಮೇಲೊಮ್ಮೆ ಲೆವೆಲ್ ಪಟ್ಟಿ ಇಟ್ಟು, ಗಾಜಿನೊಳಗಿನ ಗುಳ್ಳೆ ಎರಡೂ ಕಡೆ ನಟ್ಟನಡುವೆ ನಿಲ್ಲುವಂತೆ ಮಾಡಿದ್ದ. ಪೆಟ್ಟಿಗೆಯ ಜೊತೆ ಬಂದ ಕಾಗದದಲ್ಲಿ ಮೋಟಾರನ್ನು ಸ್ವಲ್ಪ ಓರೆಯಾಗಿ ಕೂಡಿಸಬೇಕೆಂದಿತ್ತು. ನೆಟ್ಟಗೆ ಕೂಡಿಸಲು ಬಾರದವರಿಗೆ ಬರೆದದ್ದು ಎಂದು ಅವನು ಅದನ್ನು ಮಡಚಿ ಎಸೆದಿದ್ದ.

ಭಾನುವಾರ ಮುಂಜಾನೆ ಬಂಕಾಪುರ ದಾಟಿ ಸವಣೂರಿನ ಕಡೆಗೆ ಹೋದರು. ಊರು ಇನ್ನೂ ಒಂದಿಷ್ಟು ದೂರ ಇರುವಾಗ ಬಲಕ್ಕೆ ದನ ಮೇಯಿಸುವ ಗಾಯರಾಣ, ಮರವಿಲ್ಲದ ಸಪಾಟು ಬಯಲು. ಅಲ್ಲಿ ಇಜಾಜ ಕಾಯುತ್ತಿದ್ದ. ಸವಣೂರಿನ ಪೇಟೆಯಲ್ಲಿ ಬೈಕಿನ ಸೀಟಿಗೆ ರೆಕ್ಸಿನ್ ಹೊಲಿಯುವ ಅಂಗಡಿ ಅವನದು. ತೆಳು ಫೋಮು ಸಿಗುತ್ತದೆಯೇ ಎಂದು ಕೇಳಿಕೊಂಡು ಸುಯಮೀಂದ್ರ ಒಮ್ಮೆ ಆ ಅಂಗಡಿಯ ಮೆಟ್ಟಿಲು ಹತ್ತಿದ್ದೇ ನೆಪ, ಆಮೇಲೆ ಪ್ರತಿ ಹಾರಾಟಕ್ಕೂ ಇಜಾಜ ಬರುವವನೇ. ಅವನ ಕೆಲಸ ಇಳಿದ ವಿಮಾನವನ್ನು ಎತ್ತಿ ತರುವುದು, ತಿನ್ನಲು ತಂದ ಕುರುಕಲು ಖಾರದ ಪೊಟ್ಟಣ ಬಿಚ್ಚುವುದು, ಮಾತಾಡುವುದು.

ಅವತ್ತು ಅವನೂ ಮಾತು ಕಡಿಮೆ ಮಾಡಿದ್ದ. ಕಾರಿನ ಬಾಗಿಲು ತೆಗೆದು ಮನೋರಮಾಳ ಬೆನ್ನಿಗೆ ಅಂಗಡಿಯಿಂದ ತಂದ ಮೆತ್ತನೆಯ ದಿಂಬು ಇಟ್ಟ. ಅವಳ ಬಲಗೈ ಬಾತು, ಉದ್ದ ತೋಳಿನ ಕುಪ್ಪಸದೊಳಗೆ ಬಿಗಿದು ಕೂತಿತ್ತು. ಅದನ್ನು ನೋಡದವನಂತೆ, ಅಕ್ಕಾರ, ಈ ಸಲ ನೀವು ಪ್ರೇಕ್ಷಕರು, ಸೀಟಿ ಹೊಡಿಯೂದಷ್ಟ ಕೆಲಸ ಎಂದ.

ಸುಯಮೀಂದ್ರ ವಿಮಾನ ಜೋಡಿಸಿ ಬಲಗೈಯಲ್ಲಿ ಹಿಡಿದ, ಎಡಗೈಯಲ್ಲಿ ರಿಮೋಟ್. ಒಬ್ಬನೇ ಬಿಡುವವನ ಕಷ್ಟ ಅವನಿಗೆ ಆಗ ಗೊತ್ತಾಯಿತು. ಎಡ ಹೆಬ್ಬೆರಳು ಮೋಟಾರಿನ ಕಡ್ಡಿಯನ್ನು ಮೇಲಕ್ಕೆ ದೂಡಬಹುದು, ಸರಿ. ಆದರೆ ವಿಮಾನವನ್ನು ಏರಿಸಿ ಇಳಿಸಿ ಹೊರಳಿಸುವ ಕಡ್ಡಿ ಇರುವುದು ಬಲಗಡೆ. ಬಲಗೈ ವಿಮಾನ ಬಿಟ್ಟು ಆ ಕಡ್ಡಿಗೆ ಬರುವವರೆಗೆ ಒಂದು ಗಳಿಗೆ ಇದೆ. ಆ ಗಳಿಗೆಯಲ್ಲಿ ವಿಮಾನ ಯಾರ ಕೈಯಲ್ಲೂ ಇರುವುದಿಲ್ಲ.

ಅವನು ವಿಮಾನ ಕೆಳಗಿಳಿಸಿದ. ಮೊದಲು ಇಜಾಜ ಬಿಡಲಿ, ಬಹಳ ದಿನದಿಂದ ಮೂಲೆಯಲ್ಲಿದ್ದದ್ದು ಸರಿಯಿದೆಯೋ ಇಲ್ಲವೋ ನೋಡೋಣ, ಆಮೇಲೆ ನಾನು ಎಂದ.

ಇಜಾಜ ಹರೆಯದಲ್ಲಿ ಶಿಗ್ಗಾಂವಿಯ ಟೆನಿಸ್ ಬಾಲ್ ಪಂದ್ಯಗಳಲ್ಲಿ ವೇಗದ ಬೌಲರು. ಓಡಿ ಬಂದು, "ಬಿಡು" ಎಂದ ತಕ್ಷಣ ಬಿಟ್ಟ. ವಿಮಾನ ಅವನ ಕೈಯಿಂದ ನೆಟ್ಟಗೆ ಹೊರಟಿತು. ಸುಯಮೀಂದ್ರ ಎಂದಿನಂತೆ ಮೋಟಾರಿಗೆ ಪೂರ್ತಿ ಬಲ ಕೊಟ್ಟ. ಪಂಖಾ ಕಿರುಚಿತು, ಮರುಕ್ಷಣ ಯಾರೋ ಮೇಲಿನಿಂದ ತಲೆ ಹಿಡಿದು ಬಗ್ಗಿಸಿದ ಹಾಗೆ ವಿಮಾನ ಮೂಗು ಕೆಳಗೆ ಮಾಡಿ ನೆಲಕ್ಕೆ ಕುಕ್ಕಿತು.

"ಇಜಾಜಾ, ನಿನಗ ವಿಕೆಟ್ ಕೀಳಂತ ಕೊಟ್ಟಿದ್ದಿಲ್ಲೋ," ಎಂದಳು ಮನೋರಮಾ ಕಾರಿನೊಳಗಿಂದ.

"ನನ್ನ ಕೈ ಒರಟು ಐತ್ರಿ ಅಕ್ಕಾರ," ಎಂದು ಅವನು ಮುಖ ಸಣ್ಣದು ಮಾಡಿಕೊಂಡು ಓಡಿದ.

ಮಣ್ಣು ಒರೆಸಿ ಮತ್ತೊಮ್ಮೆ ಬಿಟ್ಟರು. ಈ ಸಲ ಇಜಾಜ ಕೂಸನ್ನು ತೊಟ್ಟಿಲಿಗೆ ಹಾಕುವಷ್ಟು ಮೆಲ್ಲಗೆ ಬಿಟ್ಟ. ಅದು ಇನ್ನೂ ಬೇಗ ಕುಕ್ಕಿತು. ಮೂಗಿನ ಫೋಮು ಸೀಳಿ ಬ್ಯಾಟರಿ ಹೊರಗೆ ಬಂತು. ಸುಯಮೀಂದ್ರ ತುಂಡುಗಳನ್ನು ಆಯ್ದುಕೊಳ್ಳುತ್ತ, ಬ್ಯಾಟರಿ ಹಳೇದಾಗಿ ಬಲ ಹೋಗಿದೆ ಎಂದ. ತೂಕ ಮುಂದಕ್ಕೆ ಸರಿದಿರಬೇಕು ಎಂದ. ಗಾಳಿ ತಿರುಗಿದೆ ಎಂದ. ಮನೋರಮಾ ಇಜಾಜ ತಂದ ಖಾರದಲ್ಲಿ ಎರಡು ಕಾಳು ಬಾಯಿಗೆ ಹಾಕಿಕೊಂಡು, ಮನಿಗೆ ಹೋಗೋಣ್ರಿ ಎಂದಳು.

ಆ ವಾರ ಅವನು ಪಡಸಾಲೆಯಲ್ಲಿ ಕೂತು ಮೂಗು ಅಂಟಿಸಿದ. ಬ್ಯಾಟರಿ ಹೊಸದು ತರಿಸಿದ. ಎರಡು ಬೆರಳ ತುದಿಯ ಮೇಲೆ ರೆಕ್ಕೆ ಇಟ್ಟು ತೂಕ ನೋಡಿದ. ತಕ್ಕಡಿಯ ಹಾಗೆ ನಿಂತಿತು. ಲೆವೆಲ್ ಪಟ್ಟಿ ತಂದು ಮೋಟಾರಿನ ಮೇಲಿಟ್ಟ. ಗುಳ್ಳೆ ನಟ್ಟನಡುವೆ. ತಪ್ಪು ಎಲ್ಲಿಯೂ ಸಿಗಲಿಲ್ಲ. ಮನೋರಮಾ ಮಂಚದ ಮೇಲೆ ಒರಗಿ ಇದನ್ನೆಲ್ಲ ನೋಡುತ್ತಿದ್ದಳು. ನೋವಿನ ಗುಳಿಗೆಯ ಮಂಪರಿನಲ್ಲಿ ಆಗಾಗ ಕಣ್ಣು ಮುಚ್ಚುತ್ತಿತ್ತು. ಒಂದು ಸಂಜೆ ಅವನು ಮೂರನೆಯ ಸಲವೋ ನಾಲ್ಕನೆಯ ಸಲವೋ ಪಟ್ಟಿ ಇಡುತ್ತಿದ್ದಾಗ, ಮಲಗಿದ್ದಾಳೆಂದುಕೊಂಡಿದ್ದವಳು ಮಾತಾಡಿದಳು.

"ಮೋಟಾರಿನ ಮೂಗು ಎತ್ರಿ."

ಅವನು ತಿರುಗಿ ನೋಡಿದ.

"ಮುಂದಿನ ಸ್ಕ್ರೂ ಕೆಳಗ ಏನರ ಇಟ್ಟು ಎತ್ರಿ. ಅದು ಮೊದಲಿಂದನೂ ಮೂಗು ಊರತದ."

ಮೊದಲಿನಿಂದ ಅಂದರೇನು, ಇಷ್ಟು ವರ್ಷ ಹಾರಿಲ್ಲವೇ, ಗುಳ್ಳೆ ಎಲ್ಲಿ ನಿಂತಿದೆ ನೋಡು ಎಂದು ಅವನು ಪಟ್ಟಿಯನ್ನೇ ಅವಳ ಮುಖದ ಹತ್ತಿರ ಹಿಡಿದ. ಅವಳು ಅದನ್ನು ಎಡಗೈಯಿಂದ ಮೆಲ್ಲಗೆ ಆಚೆ ಸರಿಸಿದಳು.

"ಹೇರು ತುಂಬಿದ ಬಂಡಿ ಅದ. ನೊಗಕ್ಕ ಎತ್ತು ಕಟ್ಟಲಾರದ, ಹೇರಿನ ತುದಿಗೆ ಹಗ್ಗ ಹಾಕಿ ಮುಂದಕ್ಕ ಜಗ್ಗಿದ್ರ ಏನಾಗ್ತದ?"

"ಮುಂದಕ್ಕ ಮುಗ್ಗರಸ್ತದ."

"ಇದೂ ಹಂಗ. ಮೋಟಾರ್ ಮ್ಯಾಲಿಂದ ಜಗ್ಗತದ. ಅದಕ್ಕ ಒಂಚೂರು ಆಕಾಶ ತೋರಸಬೇಕು." ಸ್ವಲ್ಪ ಹೊತ್ತು ಉಸಿರು ತೆಗೆದುಕೊಂಡು, "ಮದಗದ ಕೆರಿ ಕಾಲುವಿಗೆ ಇಳಕಲ ಕೊಟ್ಟು ಕೊಟ್ಟು ಜನ್ಮ ಕಳದ್ರಿ. ಇದಕ್ಕೊಂದು ಯಾಕ ಮಟ್ಟ ಬೇಕಾತು ನಿಮಗ?" ಎಂದಳು.

ಅವನು ಪಟ್ಟಿ ಕೆಳಗಿಟ್ಟು ಮಂಚದ ತುದಿಗೆ ಕೂತ. ಅವಳು ನಿಧಾನವಾಗಿ, ನಡುನಡುವೆ ನಿಂತು, ಎಲ್ಲ ಹೇಳಿದಳು. ಮೋಟಾರು ಜೋರಾದಾಗ ವಿಮಾನ ಕೆಳಕ್ಕೆ ಬಾಗಲು ನೋಡುವುದು ಅವಳ ಬೆರಳುಗಳಿಗೆ ಮೊದಲ ದಿನವೇ ಗೊತ್ತಾಗಿತ್ತು. ಆದ್ದರಿಂದ ಮೂಗನ್ನು ಒಂದು ಬೆರಳಿನಷ್ಟು ಮೇಲೆ ಮಾಡಿ ಹಿಡಿಯುತ್ತಿದ್ದಳು. ರೆಕ್ಕೆಯಡಿ ಗಾಳಿ ತುಂಬಿ, ಅದು ತನ್ನ ಭಾರ ತಾನೇ ಹೊರುವವರೆಗೆ ಓಡುತ್ತಿದ್ದಳು. "ಹೂಂ" ಅಂದದ್ದು ತನಗಾಗಿ ಅಲ್ಲ. ವಿಮಾನ ತಯಾರಾಯಿತು ಎಂದು. ಬಿಡುವಾಗ ಮಣಿಕಟ್ಟನ್ನು ತುಸು ಹಿಂದಕ್ಕೆ ಮಡಿಸುತ್ತಿದ್ದಳು, ಅಷ್ಟೇ. ಇನ್ನುಳಿದದ್ದನ್ನು ನೀವು ಮೇಲೆ ಸರಿ ಮಾಡುತ್ತಿದ್ದಿರಿ ಎಂದಳು.

"ನಾನೇನು ಸರಿ ಮಾಡತಿದ್ದೆ?"

"ಮೋಟಾರ್ ನಡದಿರೋ ತನಕ ನಿಮ್ಮ ಬಲ ಹೆಬ್ಬಟ್ಟು ಕಡ್ಡಿ ಹಿಂದಕ್ಕ ಜಗ್ಗೇ ಇರತಿತ್ತು. ನಿಮಗ ಗೊತ್ತಿಲ್ಲ. ನಾ ಮಗ್ಗಲದಾಗ ನಿಂತು ನೋಡತಿದ್ದೆ."

ಅವನು ತನ್ನ ಹೆಬ್ಬೆರಳನ್ನು ನೋಡಿಕೊಂಡ. ಹೌದು. ಮೋಟಾರು ನಡೆಯುವಾಗ ಕಡ್ಡಿಯನ್ನು ಹಿಂದಕ್ಕೆ ಹಿಡಿಯುವುದೇ ಹಾರಿಸುವುದು ಎಂದು ತಿಳಿದಿದ್ದ. ಒಂದು ತಪ್ಪನ್ನು ಇಬ್ಬರ ಕೈಗಳೂ ಎರಡು ತುದಿಯಿಂದ ಎತ್ತಿ ಹಿಡಿದಿದ್ದವು. ಒಬ್ಬರಿಗೆ ಅದು ಗೊತ್ತಿತ್ತು, ಇನ್ನೊಬ್ಬನಿಗೆ ಇರಲಿಲ್ಲ.

ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳಿದ. ದನಿಯಲ್ಲಿ ಸಿಟ್ಟು ಬಾರದಂತೆ ನೋಡಿಕೊಂಡ, ಬಂದಿತ್ತು.

"ಮೊದಲನೇ ದಿನ ಹೇಳಬೇಕಂತನ ಬಂದೆ. ನೀವು ಪಟ್ಟಿ ಇಟ್ಟು, ನೋಡು ಮನೂ, ಗುಳ್ಳಿ ಅಲ್ಲಾಡಾಂಗಿಲ್ಲ ಅಂದ್ರಿ. ನಿಮ್ಮ ಮುಖ ನೋಡಿ ಸುಮ್ಮನಾದೆ. ಆಮ್ಯಾಲ ನನ್ನ ಕೈಯಾಗ ಸರಿ ಹೋಗಲಿಕ್ಕತ್ತಿತ್ತು. ಸರಿ ಹೋಗೋದರ ಬಗ್ಗೆ ಏನು ಹೇಳೋದು?"

ಕಿಟಕಿಯ ಕಡೆ ನೋಡುತ್ತ ಮತ್ತೆ ಅಂದಳು: "ಹೇಳಿದ್ರ ಅಲ್ಲಿ ನನಗೇನು ಕೆಲಸ ಉಳೀತಿತ್ತು? ಇಜಾಜನೂ ಬಿಡತಿದ್ದ, ಯಾರು ಬೇಕಾದವರು ಬಿಡತಿದ್ರು."

ಅವನು ಎದ್ದು ಹಿತ್ತಲಿಗೆ ಹೋಗಿ, ಬಾವಿಯ ಕಟ್ಟೆಯ ಹತ್ತಿರ ನಿಂತ. ಮದುವೆಯಾದಾಗಿನಿಂದ ಈ ಮನೆಯಲ್ಲಿ ಏನೇನು ತನ್ನಿಂದ ತಾನೇ ಸರಿಯಾಗಿ ನಡೆಯುತ್ತಿದೆ ಎಂದು ತಿಳಿದಿದ್ದನೋ, ಒಂದೊಂದಾಗಿ ಕಣ್ಣ ಮುಂದೆ ಬಂತು. ಅವನ ತಾಯಿಯ ಕಡೆಯ ದಿನಗಳ ಸಿಡುಕು. ಅಣ್ಣತಮ್ಮಂದಿರ ನಡುವೆ ಬರಬಹುದಾಗಿದ್ದು ಬಾರದೇ ಹೋದ ಜಗಳ. ಎಲ್ಲಿಯೂ ಗುಳ್ಳೆ ನಡುವಿನಲ್ಲೇ ಕಾಣುತ್ತಿತ್ತು. ಯಾವುದನ್ನು ಯಾರು ಎಲ್ಲಿ ಒಂದು ಬೆರಳು ಎತ್ತಿ ಹಿಡಿದಿದ್ದರು ಎಂದು ಅವನು ಎಂದೂ ಕೇಳಿಕೊಂಡಿರಲಿಲ್ಲ.

ಮರುದಿನ ಇಜಾಜ ಫೋನು ಮಾಡಿದ. ಅಕ್ಕಾರು ಹೇಳಿದ್ದಾರೆ, ಹಳೆಯ ಪ್ಲಾಸ್ಟಿಕ್ ಸ್ಕೇಲನ್ನು ಬೆಣೆಯ ಹಾಗೆ ಸವೆಸಿ ಇಟ್ಟಿದ್ದೇನೆ, ತರಲೇ ಎಂದು ಕೇಳಿದ. ಬೇಡ ಎಂದ ಸುಯಮೀಂದ್ರ. ಮೋಟಾರಿಗೆ ಕೈ ಹಚ್ಚುವುದಿಲ್ಲ, ಇದ್ದಂತೆಯೇ ಇರಲಿ ಎಂದ. ಇಜಾಜ "ಹಂಗಾರ ಅದು ಹಾರಾಂಗಿಲ್ಲಲ್ರಿ ಸಾಹೇಬ್ರ," ಎಂದ.

"ಬ್ಯಾಡ ಬಿಡು. ಹಾರದಿದ್ರ ಬಿಡು."

ಅದೇ ಸರಿ ಅನಿಸಿತ್ತು ಅವನಿಗೆ. ಅದು ಅವಳ ಕೈಯ ಅಳತೆಗೆ ಹೊಂದಿಕೊಂಡ ವಿಮಾನ. ಆ ತಪ್ಪನ್ನು ತಿದ್ದಿದರೆ ಯಾರು ಬಿಟ್ಟರೂ ಏರುತ್ತದೆ, ಒಬ್ಬನೇ ಬಿಟ್ಟರೂ ಏರುತ್ತದೆ. ಅದೇ ಅವನಿಗೆ ಬೇಡವಾಗಿತ್ತು. ಬೆಣೆ ಇಡುವುದೆಂದರೆ ಅವಳು ಕೇಳಿದ್ದಕ್ಕೆ ಹೂಂ ಅನ್ನುವುದು; ಡಾಕ್ಟರು ಹೇಳದೆ ಬಿಟ್ಟದ್ದಕ್ಕೂ ಹೂಂ ಅನ್ನುವುದು. ಇಡದಿದ್ದರೆ, ಅವಳು ಏಳಲೇಬೇಕು ಎನ್ನುವ ಒಂದು ಕೆಲಸವಾದರೂ ಜಗತ್ತಿನಲ್ಲಿ ಉಳಿದಿರುತ್ತದೆ. ಇದು ಹುಚ್ಚು ಎಂದು ಅವನಿಗೂ ಗೊತ್ತಿತ್ತು. ಬಾಯಿಬಿಟ್ಟು ಹೇಳುವಂಥದ್ದಲ್ಲವಾದ್ದರಿಂದ ಹುಚ್ಚು ಒಳಗೇ ಗಟ್ಟಿಯಾಯಿತು.

ಅವಳು ಮತ್ತೆ ಅದರ ಮಾತೆತ್ತಲಿಲ್ಲ. ದಿನ ಹೋಗುತ್ತಿದ್ದವು. ಮಂಚದಿಂದ ದೇವರ ಮನೆಯವರೆಗಿನ ಅವಳ ನಡಿಗೆ ಗೋಡೆ ಹಿಡಿದು ನಡೆಯುವ ನಡಿಗೆಯಾಯಿತು. ಅನ್ನ ಸೇರದೆ ಗಂಜಿಗೆ ಬಂತು. ನೆರೆಮನೆಯ ಸುಮೇಧಾ ಬಂದು ಜಡೆ ಹಾಕಿ ಹೋಗುತ್ತಿದ್ದಳು. ಕೂದಲು ಮತ್ತೆ ಬಂದದ್ದೇ ಸ್ವಲ್ಪ, ಜಡೆ ಕಿರುಬೆರಳಷ್ಟಿತ್ತು.

ಒಂದು ಮಧ್ಯಾಹ್ನ ಅವನು ಕಚೇರಿಯಿಂದ ಊಟಕ್ಕೆ ಬಂದಾಗ ಮಂಚ ಖಾಲಿಯಿತ್ತು. ಅಂಗಳದ ಕಡೆ ಸಪ್ಪಳವಾಯಿತು. ಹೋಗಿ ನೋಡಿದರೆ ಮನೋರಮಾ ಬಿಸಿಲಿನಲ್ಲಿ ನಿಂತಿದ್ದಳು. ಪಡಸಾಲೆಯಿಂದ ವಿಮಾನವನ್ನು ಹೇಗೆ ಹೊತ್ತು ತಂದಿದ್ದಳೋ. ಎಡಗೈಯಿಂದ ಅದನ್ನು ಎತ್ತಿ ಬಲಗೈಗೆ ಕೊಡುತ್ತಿದ್ದಳು. ಬಾತ ಬೆರಳು ಹೊಟ್ಟೆಯಡಿ ಹಿಡಿದವು, ಮೊಣಕೈ ಸೊಂಟದಿಂದ ಮೇಲೆ ಬರಲಿಲ್ಲ. ಮತ್ತೆ ಎತ್ತಿದಳು. ಭುಜ ಒಂದಿಷ್ಟು ಅಲುಗಿತು, ಹಲ್ಲು ಕಚ್ಚಿದ ಮುಖದ ನರ ಉಬ್ಬಿತು, ಅಷ್ಟರಲ್ಲೇ ವಿಮಾನ ಬೆರಳುಗಳಿಂದ ಜಾರಿ ಕಲ್ಲುಹಾಸಿನ ಮೇಲೆ ಬಿತ್ತು. ಅವಳು ಬಿದ್ದದ್ದನ್ನು ನೋಡುತ್ತ ನಿಂತಳು. ಅವನು ಬಂದದ್ದು ಗೊತ್ತಾದ ಮೇಲೂ ತಿರುಗಲಿಲ್ಲ.

"ನೀವು ಬೆಣಿ ಒಲ್ಲೆ ಅಂದ್ರಂತ," ಎಂದಳು. "ನನ್ನ ಕೈನೇ ಬೇಕು ಅಂದ್ರ ನಾನೂ ನೋಡಬೇಕಲ್ಲಾ ಅಂತ."

ಅವನು ಅವಳನ್ನು ಹಿಡಿದು ಒಳಗೆ ಕರೆತಂದು ಮಲಗಿಸಿದ. ಕಚೇರಿಗೆ ಹೋಗಲಿಲ್ಲ. ಬಿಸಿಲು ಇಳಿಯುವ ಮೊದಲೇ ಇಜಾಜ ಸವಣೂರಿನಿಂದ ಬೈಕಿನಲ್ಲಿ ಬಂದ, ಬೆಣೆ ಕೊಟ್ಟ, ನೀರು ಕುಡಿದ, ಹೋದ. ಸುಯಮೀಂದ್ರ ಮಂಚದ ಪಕ್ಕದಲ್ಲಿ ನೆಲದ ಮೇಲೆ ಕೂತು ಮೋಟಾರಿನ ಮುಂದಿನ ಸ್ಕ್ರೂಗಳನ್ನು ಸಡಿಲಿಸಿದ. ಬೆಣೆ ಒಳಗೆ ಸರಿಯಿತು. ಪಂಖಾ ಒಂಚೂರು ಮುಖವೆತ್ತಿತು. ಎಷ್ಟು ಎಂದು ಕೇಳಿದ. ಅವಳು ತಲೆ ದಿಂಬಿನ ಮೇಲಿಟ್ಟುಕೊಂಡೇ, ಇನ್ನೂ, ಇನ್ನೂ ಸ್ವಲ್ಪ, ಸಾಕು ಎಂದಳು. ಬಿಗಿ ಮಾಡಿದ. ಪಟ್ಟಿ ಇಟ್ಟು ನೋಡುವ ಗೋಜಿಗೆ ಹೋಗಲಿಲ್ಲ.

ಭಾನುವಾರಕ್ಕೆ ಕಾಯಲಿಲ್ಲ. ಎರಡು ದಿನ ರಜೆ ಹಾಕಿದ. ಇಜಾಜ ಅಂಗಡಿಯ ಬಾಗಿಲು ಎಳೆದು ಗಾಯರಾಣಕ್ಕೆ ಬಂದ. ಮನೋರಮಾಳನ್ನು ಕಾರಿನ ಹಿಂದಿನ ಸೀಟಿನಲ್ಲಿ ಅಡ್ಡ ಮಲಗಿಸಿ, ಬಾಗಿಲು ತೆರೆದಿಟ್ಟು, ತಲೆ ಎತ್ತರಕ್ಕೆ ದಿಂಬು ಕೊಟ್ಟಿದ್ದರು. ಗಾಳಿ ಮೆಲ್ಲಗೆ ಸವಣೂರಿನ ಕಡೆಯಿಂದ ಬೀಸುತ್ತಿತ್ತು. ಒಂದೇ ಸಮನೆ ಬೀಸುವ ಗಾಳಿ. ಬಿಡುವವರಿಗೆ ಅಂಥದ್ದೇ ಬೇಕು.

ಅವಳು ಕರೆದು, ಹೇಗೆ ಬಿಡಬೇಕೆಂದು ಹೇಳಿದಳು. ಪೂರ್ತಿ ಬಲ ಕೊಡಬೇಡಿ, ಅರ್ಧ ಸಾಕು. ಮೇಲಕ್ಕೆ ಎಸೆಯಬೇಡಿ, ಎದುರಿಗೆ ಗೋಡೆ ಇದೆ, ಅದರಲ್ಲಿ ನಿಮ್ಮ ಕಣ್ಣೆತ್ತರಕ್ಕೆ ತೂತು ಇದೆ ಎಂದುಕೊಂಡು ಅದರೊಳಗೆ ಬಿಡಿ. ಬಿಟ್ಟ ಮೇಲೆ ಕೈಗೆ ಗಡಿಬಿಡಿ ಮಾಡಬೇಡಿ.

"ಬಿಟ್ಟ ಮ್ಯಾಲ ಅದನ್ನ ನಂಬ್ರಿ," ಎಂದಳು. "ಅದು ಎಲ್ಲೂ ಹೋಗಾಂಗಿಲ್ಲ."

ಅವನು ಚಪ್ಪಲಿ ಬಿಟ್ಟ. ಬಲಗೈಯಲ್ಲಿ ವಿಮಾನ, ಎಡಗೈಯಲ್ಲಿ ರಿಮೋಟ್. ಹೆಬ್ಬೆರಳು ಕಡ್ಡಿಯನ್ನು ಅರ್ಧಕ್ಕೆ ತಂದಿತು. ಕಿವಿಯ ಪಕ್ಕದಲ್ಲಿ ಪಂಖಾ ಗುಂಯ್ಗುಟ್ಟಿತು. ಓಡಿದ. ಎಷ್ಟು ಹೆಜ್ಜೆ ಎಂದು ಯಾರೂ ಹೇಳುವವರಿರಲಿಲ್ಲ. ಅಂಗೈಯ ಮೇಲಿನ ಭಾರ ಇದ್ದಕ್ಕಿದ್ದಂತೆ ಇಲ್ಲವಾಯಿತು. ಇಷ್ಟು ವರ್ಷ ಅವಳು ಕಾಯುತ್ತಿದ್ದುದು ಇದಕ್ಕೇ ಎಂದು ಹೊಳೆಯುವಷ್ಟರಲ್ಲಿ ಬೆರಳು ಬಿಚ್ಚಿದ್ದವು.

ಆ ಗಳಿಗೆ ಬಂತು. ವಿಮಾನ ಅವನ ಕೈಯಲ್ಲಿರಲಿಲ್ಲ, ಯಾರ ಕೈಯಲ್ಲೂ ಇರಲಿಲ್ಲ. ಅವನ ಬಲಗೈ ಖಾಲಿಯಾಗಿ ಗಾಳಿಯಲ್ಲಿ ಚಾಚಿತ್ತು. ವಿಮಾನ ಬಾಗಲಿಲ್ಲ, ಏರಲೂ ಇಲ್ಲ. ಬಯಲಿನ ಮೇಲೆ ಗೆರೆ ಎಳೆದ ಹಾಗೆ ನೆಟ್ಟಗೆ ಹೋಯಿತು. ಅವನ ಕೈ ಕಡ್ಡಿಗೆ ಬಂತು. ಬಂದದ್ದೇ, ವರ್ಷಗಳ ರೂಢಿಯಂತೆ ಹೆಬ್ಬೆರಳು ಹಿಂದಕ್ಕೆ ಜಗ್ಗಿತು. ವಿಮಾನ ತಲೆ ಮೇಲೆತ್ತಿ, ಉಸಿರು ಕಟ್ಟಿದಂತೆ ನಿಂತು, ಅತ್ತ ಇತ್ತ ತೂಗಾಡಿತು. ಅಯ್ಯೋ ಎಂದ ಇಜಾಜ. ಸುಯಮೀಂದ್ರ ಹೆಬ್ಬೆರಳನ್ನು ಸಡಿಲ ಬಿಟ್ಟ. ಸುಮ್ಮನಿರುವುದು ಅವನು ಕಲಿತಿರದ ಕೆಲಸ, ಕಷ್ಟಪಟ್ಟು ಸುಮ್ಮನಿದ್ದ. ವಿಮಾನ ತಾನೇ ಮೂಗು ಸರಿ ಮಾಡಿಕೊಂಡು, ಯಾರ ಹಂಗೂ ಇಲ್ಲದೆ ಏರತೊಡಗಿತು.

ಅದು ಬೆಳ್ಳಗೆ ಸಣ್ಣದಾಗುವವರೆಗೆ ಏರಿಸಿ ಮೋಟಾರು ನಿಲ್ಲಿಸಿದ. ಮೊದಲೆಲ್ಲ ಮೋಟಾರು ನಿಂತಾಗ ಅದು ಒಮ್ಮೆ ಎಗರಿ ತಡವರಿಸುತ್ತಿತ್ತು, ಅವನ ಹೆಬ್ಬೆರಳು ಅದನ್ನೂ ಸಂಭಾಳಿಸುತ್ತಿತ್ತು. ಈಗ ಅದೂ ಇಲ್ಲ. ಸದ್ದು ನಿಂತಿತು, ತೇಲುವುದು ಮುಂದುವರಿಯಿತು, ಎರಡರ ನಡುವೆ ಹೊಲಿಗೆ ಕಾಣಲಿಲ್ಲ. ಅಷ್ಟು ಚೆನ್ನಾಗಿ ಅದು ಯಾವತ್ತೂ ಹಾರಿರಲಿಲ್ಲ.

ದೊಡ್ಡ ಸುತ್ತು ಹಾಕಿಸಿ, ಹುಲ್ಲಿನ ಮೇಲೆ ಜಾರಿಸಿ ನಿಲ್ಲಿಸಿದ. ಇಜಾಜ ತರಲು ಹೊರಟವನು, ಇನ್ನೊಬ್ಬರು ಕೈ ಹಚ್ಚಬಾರದೆಂಬುದು ನೆನಪಾಗಿ ನಿಂತುಕೊಂಡ. ಸುಯಮೀಂದ್ರನೇ ಅಷ್ಟು ದೂರ ನಡೆದು ಹೋಗಿ ಎತ್ತಿಕೊಂಡ. ಒಂದು ಗೀರೂ ಬಿದ್ದಿರಲಿಲ್ಲ. ಕಾರಿನ ಹತ್ತಿರ ಬರುವ ಮೊದಲು ಕಣ್ಣು ಒರೆಸಿಕೊಂಡ, ಮುಖದಲ್ಲಿ ಗೆದ್ದವನ ನಗೆ ತಂದುಕೊಂಡ. ಅವಳು ಕೇಳಿದ್ದು ಆಗಿತ್ತು. ಅವಳಿಗೆ ಸಂತೋಷವಾಗಿರಬೇಕು.

ಮನೋರಮಾ ಅವನನ್ನು ನೋಡಿ ತಲೆಯಾಡಿಸಿದಳು. ಚಲೋ ಆತು ಎಂದಳು. ಇಜಾಜನನ್ನು ಕರೆದು, ಇನ್ನು ಮ್ಯಾಲ ಪ್ರತಿ ಭಾನುವಾರ ಸಾಹೇಬರನ್ನ ಕರಕೊಂಡು ಬರೋದು ನಿನ್ನ ಜವಾಬ್ದಾರಿ, ಬರದಿದ್ರ ಕೈ ಹಿಡಿದು ಎಳಕೊಂಡು ಬಾ ಎಂದು ಹೇಳಿದಳು. ಇಜಾಜ ಆತ್ರಿ ಅಕ್ಕಾರ ಎಂದು, ಮುಖ ಆಚೆ ಮಾಡಿ, ಆಗಲೇ ಸರಿಯಾಗಿದ್ದ ದಿಂಬನ್ನು ಮತ್ತೆ ಸರಿ ಮಾಡಿದ. ವಿಮಾನದ ರೆಕ್ಕೆ ಬಿಚ್ಚಿ ಡಿಕ್ಕಿಯಲ್ಲಿಟ್ಟರು.

ಬಂಕಾಪುರ ದಾಟಿ ಹಾನಗಲ್ಲಿನ ದಾರಿ ಹಿಡಿದ ಮೇಲೆ ಎರಡೂ ಕಡೆ ಮೆಕ್ಕೆಜೋಳದ ಹೊಲ ಶುರುವಾಯಿತು. ಅವಳು ಮಲಗಿದ್ದಾಳೆಂದುಕೊಂಡು ಅವನು ನಿಧಾನ ನಡೆಸುತ್ತಿದ್ದ. ಹಿಂದಿನ ಸೀಟಿನಿಂದ ದನಿ ಬಂತು, ಬಹಳ ಸಣ್ಣಗೆ.

"ಒಂದು ಮಾತು ಹೇಳಲೇನ್ರಿ? ಸಿಟ್ಟಾಗಬಾರದು."

"ಹೇಳು."

"ನನ್ನ ಕೈ ಇಲ್ಲಂತ ಒಂಚೂರರ ಮೂಗು ಬಗ್ಗಸ್ತದ ಅಂದ್ಕೊಂಡಿದ್ದೆ."

ಅವನ ಕಾಲು ಬ್ರೇಕಿನ ಮೇಲೆ ಹೋಯಿತು. ಎದುರಿನ ಕನ್ನಡಿಯಲ್ಲಿ ಅವಳ ಮುಖ ಕಾಣಲಿಲ್ಲ, ಸೀಟಿನ ಆಚೆ ತುದಿಯಲ್ಲಿ ಪಾದ ಮಾತ್ರ ಕಂಡಿತು. ಹಿಂದೆ ಲಾರಿಯೊಂದು ಹಾರ್ನು ಹೊಡೆಯಿತು. ಅವನು ಮತ್ತೆ ಗೇರು ಹಾಕಿ, ತಗ್ಗುಗಳನ್ನು ತಪ್ಪಿಸುತ್ತ, ಮನೆಯ ಕಡೆಗೆ ಕಾರು ನಡೆಸಿದ.